‘ಮಾರಿದ ಮಾಲು ವಾಪಸ್ ಇಲ್ಲ’: ಹೀಗೆ ಬೋರ್ಡ್ ಹಾಕೋಕೆ ಹಕ್ಕು ಕೊಟ್ಟವರ್ಯಾರು?

ಯಲಿಯೂರಿನ ನಮ್ಮ ಚಿಕ್ಕವ್ವ ಗೃಹಲಕ್ಷ್ಮಿಯ ಎರಡು ಕಂತು ಕೂಡಿಟ್ಟು ಮಂಡ್ಯದಲ್ಲೊಂದು ಮಿಕ್ಸಿ ತಗೊಂಡರು. ನಾಲ್ಕನೇ ದಿನ ಸುಟ್ಟ ವಾಸನೆ ಬಂದು ಮೋಟಾರು ನಿಂತೇ ಹೋಯ್ತು. ವಾಪಸ್ ತಗೊಂಡು ಹೋದರೆ ಅಂಗಡಿಯವರು ಗೋಡೆ ಕಡೆ ಕೈ ತೋರಿಸಿದರು: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’ ಕಂಪನಿಯ ಸರ್ವೀಸ್ ಸೆಂಟರ್‌ಗೆ ಹೋಗಿ ಅಂದರಂತೆ. ಅದಿರೋದು ಮೈಸೂರಿನಲ್ಲಿ.

‘ಬೋರ್ಡೇ ಹಾಕವ್ರಲ್ಲ ಮಗ, ಏನ್ ಮಾಡಕ್ಕಾಯ್ತದೆ?’ ಅಂದರು ಚಿಕ್ಕವ್ವ.

ಮಿಕ್ಸಿಗಿಂತ ಈ ಮಾತೇ ನನ್ನನ್ನು ಹೆಚ್ಚು ಕಾಡಿತು. ಗೋಡೆ ಮೇಲೆ ಬರೆದಿದ್ದೆಲ್ಲ ಕಾನೂನು ಅಂತ ನಂಬಿಬಿಟ್ಟಿದ್ದೀವಿ. ಕಾನೂನು ಹೇಳೋದು ಉಲ್ಟಾ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(47)ರ ಪ್ರಕಾರ, ದೋಷವಿರುವ ವಸ್ತುವನ್ನು ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್‌ನಲ್ಲಿ ಅವಧಿ ಬರೆದಿದ್ದರೆ ಅಷ್ಟರೊಳಗೆ, ಬರೆಯದಿದ್ದರೆ 30 ದಿನದೊಳಗೆ ವಾಪಸ್ ತಗೋಬೇಕು. ಹಾಂ, ಬಣ್ಣ ಇಷ್ಟ ಆಗಲಿಲ್ಲ ಅಂತ ವಾಪಸ್ ಕೊಡೋಕೆ ಈ ಸೆಕ್ಷನ್ ನೆರವಿಗೆ ಬರಲ್ಲ.

ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಚಿಕ್ಕವ್ವನ ಹತ್ತಿರ ಇದ್ದಿದ್ದು ‘ಎಸ್ಟಿಮೇಟ್’ ಅಂತ ಅಚ್ಚು ಹಾಕಿದ ಚೀಟಿ. ಜಿಎಸ್‌ಟಿ ಬಿಲ್ ಬೇಕಂದ್ರೆ ರೇಟು ಜಾಸ್ತಿ ಅಂದಿದ್ದರಂತೆ. ನಾನೂ ಹಾಗೆ ಎಷ್ಟೋ ಸಲ ತಲೆಯಾಡಿಸಿ ಬಂದವನೇ, ಬೈಯೋಕೆ ಬಾಯಿಲ್ಲ.

ಅಂಗಡಿಯವರ ಕಷ್ಟವೂ ಸುಳ್ಳಲ್ಲ. ಕೆಟ್ಟ ಮಾಲನ್ನು ಕಂಪನಿ ವಾಪಸ್ ತಗೊಳ್ಳದಿದ್ದರೆ ನಷ್ಟ ಅವರ ತಲೆಗೆ. ಆದರೆ ಆ ಜಗಳ ಅವರೂ ಕಂಪನಿಯೂ ಆಡಬೇಕಾದದ್ದು. ಅದನ್ನು ಚಿಕ್ಕವ್ವನ ಹೆಗಲಿಗೆ ಹಾಕೋದು ಯಾವ ನ್ಯಾಯ?

ದೂರು ಕೊಡಬಹುದಲ್ಲ ಅಂತೀರಿ. ಕಾಗದದ ಮೇಲೆ ದಾರಿ ಸಲೀಸಾಗೇ ಇದೆ. 1915ಕ್ಕೆ ಫೋನ್ ಮಾಡಬಹುದು. ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷ ದಾಟದಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ. 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಿದ್ದರೆ 5 ತಿಂಗಳಲ್ಲಿ ಮುಗಿಸಲು ‘ಪ್ರಯತ್ನಿಸಬೇಕು’ ಅನ್ನುತ್ತೆ ಕಾಯ್ದೆ. ಆ ಪದದೊಳಗೆ ಎಷ್ಟು ವಾಯಿದೆಗಳು ಹಿಡಿಸುತ್ತವೋ! ಶಕ್ತಿ ಯೋಜನೆಯಲ್ಲಿ ಚಿಕ್ಕವ್ವನಿಗೆ ಬಸ್ ಫ್ರೀ. ಹೋದ ದಿನದ ಕೂಲಿ ಯಾರು ಕೊಡ್ತಾರೆ? ಈ ಲೆಕ್ಕ ಬೋರ್ಡ್ ಹಾಕಿದವರಿಗೆ ಚೆನ್ನಾಗಿ ಗೊತ್ತು.

ಅದಕ್ಕೇ ಒಬ್ಬೊಬ್ಬರೇ ಅಲೆಯೋ ಬದಲು ಬೋರ್ಡನ್ನೇ ಪ್ರಶ್ನಿಸಬೇಕು. ಅದಕ್ಕೂ ದಾರಿ ಇದೆ. ಸೆಕ್ಷನ್ 16, 17ರ ಪ್ರಕಾರ, ಗ್ರಾಹಕರಿಗೆ ಸಾಮೂಹಿಕವಾಗಿ ಆಗುವ ಅನ್ಯಾಯದ ಬಗ್ಗೆ ಜಿಲ್ಲಾಧಿಕಾರಿಗೆ ಇಮೇಲ್‌ನಲ್ಲೇ ದೂರು ಕೊಡಬಹುದು, ಅವರು ತನಿಖೆ ನಡೆಸಿ ವರದಿ ಕೊಡಬಹುದು. ಕಬ್ಬಿನ ಬಾಕಿಗೆ, ಕಾವೇರಿ ನೀರಿಗೆ ಬೀದಿಗಿಳಿದ ಜಿಲ್ಲೆ ನಮ್ಮದು. ಒಂದು ಇಮೇಲ್ ಯಾವ ಲೆಕ್ಕ?

ಚೀಟಿ, ಬೋರ್ಡಿನ ಫೋಟೋ ಸೇರಿಸಿ ದೂರು ಬರೆದಿಟ್ಟಿದ್ದೀನಿ. ಇನ್ನೂ ಕಳಿಸಿಲ್ಲ. ‘ಅಂಗ್ಡಿ ಹೆಸ್ರು ಹಾಕ್ಬ್ಯಾಡ ಕನ ಮಗ’ ಅಂತಾರೆ ಚಿಕ್ಕವ್ವ. ‘ಮಗಳ ಮದ್ವೆಗೆ ಬೀರು, ಮಂಚ ಅಲ್ಲೇ ಕಂತ್ನಲ್ಲಿ ತರ್ಬೇಕು.’