ಯುವಜನರೊಡನೆ: ದೋಣಿಯೊಳಗೆ ನೀರು ತುಂಬುವುದೇ?



ಕಳೆದ ದೀಪಾವಳಿಗೆ ಅಮೆರಿಕದ ಟೆಕ್ಸಸ್‌ನಿಂದ ನನ್ನ ಅಕ್ಕ, ಅವಳ ಮಗ ವಾಶಿಗೆ ಬಂದಿದ್ದರು. ಊಟಕ್ಕೆ ಕುಳಿತಾಗ ಅಕ್ಕ ದೂರು ತೆಗೆದಳು: "ನೋಡೋ, ದೋಣಿಗೆ ನೀರು ನುಗ್ಗಿದರೆ ನಮ್ಮೂರಲ್ಲಿ ಮೊಗೆದು ಹೊರಗೆ ಚೆಲ್ಲುತ್ತಾರೆ. ಇವನು ದುಡ್ಡು ಕೊಟ್ಟು ಒಳಗೆ ತುಂಬಿಸುತ್ತಾನಂತೆ!"

ಅಳಿಯ ನಕ್ಕ. "ಮಾಮ, ಅದು ಬ್ಯಾಲಾಸ್ಟ್. ನೀವಾದರೂ ಅಮ್ಮನಿಗೆ ಹೇಳಿ."

ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಲ್ಲ. ನಮ್ಮ ನಾವಾ ಶೇವಾ ಬಂದರಿಗೆ ಬರುವ ದೊಡ್ಡ ಹಡಗುಗಳಲ್ಲೂ ನೀರಿನ ತೊಟ್ಟಿಗಳಿವೆ. ಸರಕು ಇಳಿಸಿದ ಹಡಗು ಹಗುರವಾಗಿ ಹೊಯ್ದಾಡುತ್ತದೆ. ಅದನ್ನು ಸ್ಥಿರವಾಗಿಡಲು ಸಮುದ್ರದ ನೀರನ್ನೇ ತುಂಬುತ್ತಾರೆ. ಹಾಯಿಹಡಗುಗಳ ಕಾಲದಲ್ಲಿ ಇದೇ ಕೆಲಸಕ್ಕೆ ಕಲ್ಲು, ಮರಳು ಹೇರುತ್ತಿದ್ದರು.

ಅಳಿಯನ ಉದ್ದೇಶ ಬೇರೆ. ವೇಕ್‌ಬೋರ್ಡಿಂಗ್ ಆಟದಲ್ಲಿ ಮೋಟಾರು ದೋಣಿ ಎಳೆಯುವ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು, ದೋಣಿಯ ಹಿಂದೆ ಏಳುವ ಅಲೆಯಿಂದ ಜಿಗಿಯುತ್ತಾರೆ. ದೋಣಿ ಭಾರವಾದಷ್ಟೂ ಆಳಕ್ಕೆ ಕುಳಿತು ಅಲೆ ದೊಡ್ಡದಾಗುತ್ತದೆ. ಅದಕ್ಕಾಗಿ ಸೀಟಿನ ಕೆಳಗೆ ದಪ್ಪ ಚೀಲಗಳನ್ನಿಟ್ಟು, ದೋಣಿಯ ತಳದಲ್ಲಿ ತೂತು ಕೊರೆದು, ಕವಾಟ, ಪಂಪು, ಕೊಳವೆ ಜೋಡಿಸುತ್ತಾರೆ. ಸ್ವಿಚ್ ಒತ್ತಿದರೆ ಸರೋವರದ ನೀರು ಒಳಗೆ. ಆಟ ಮುಗಿದ ಮೇಲೆ ಹೊರಗೆ. ತಳಕ್ಕೆ ಕೊರೆದ ತೂತು ಹುಡುಗಾಟವಲ್ಲ. ಕವಾಟವನ್ನು ಕೈಯಿಂದ ಮುಚ್ಚುವಂತಿರಬೇಕು. ಕೊಳವೆಯನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಮೇಲೇರಿಸಿ, ಅಲ್ಲಿ ಗಾಳಿಗೆ ದಾರಿ ಬಿಡಬೇಕು. ಇಲ್ಲದಿದ್ದರೆ ಪಂಪು ನಿಂತರೂ ನೀರು ಬರುತ್ತಲೇ ಇರುತ್ತದೆ.

ಇನ್ನು ತೂಕದ ಲೆಕ್ಕ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. 200 ಲೀಟರಿನ ಮೂರು ಚೀಲಗಳೆಂದರೆ 600 ಕಿಲೋ, ಎಂಟು ಹತ್ತು ಮಂದಿ ದೊಡ್ಡವರು ಹತ್ತಿದಂತೆ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ ಎಂಬ ಫಲಕವಿರುತ್ತದೆ. ನೀರಿನ ಭಾರವೂ ಆ ಮಿತಿಯೊಳಗೇ ಬರಬೇಕು.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಅರ್ಧ ತುಂಬಿದ ಚೀಲದ ನೀರು ದೋಣಿ ವಾಲಿದ ಕಡೆಗೇ ಹರಿದು, ಇನ್ನಷ್ಟು ವಾಲಿಸುತ್ತದೆ. ತುಂಬಿದರೆ ಪೂರ್ತಿ ತುಂಬಬೇಕು, ಇಲ್ಲವೇ ಖಾಲಿ ಇಡಬೇಕು.

ಖಾಲಿ ಮಾಡುವುದನ್ನೂ ತುಂಬಿಸಿದ ಸರೋವರದಲ್ಲೇ ಮಾಡಬೇಕು. ನೀರಿನೊಡನೆ ಜೀವಿಗಳೂ ಪ್ರಯಾಣ ಮಾಡುತ್ತವೆ. ಯುರೋಪಿನ ಜೀಬ್ರಾ ಚಿಪ್ಪುಜೀವಿ 1980ರ ದಶಕದಲ್ಲಿ ಹಡಗುಗಳ ಬ್ಯಾಲಾಸ್ಟ್ ನೀರಿನಲ್ಲಿ ಅಮೆರಿಕದ ಮಹಾಸರೋವರಗಳಿಗೆ ಬಂದು ಕೊಳವೆಗಳನ್ನೇ ಕಟ್ಟಿಹಾಕಿತು. ಇದನ್ನು ತಡೆಯಲು 2004ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು.

ಮಿತ್ರರೇ, ನಮ್ಮಲ್ಲಿ ಹೆಚ್ಚಿನವರಿಗೆ ಇಂಥ ದೋಣಿಯಿಲ್ಲ. ಆದರೆ ದೋಣಿ ಹತ್ತುವ ನಾವೂ ಒಂದು ಭಾರವೇ. ಕೆಳಗೆ ಕುಳಿತರೆ ದೋಣಿ ಸ್ಥಿರ. ಎಲ್ಲರೂ ಎದ್ದು ಒಂದೇ ಬದಿಗೆ ಸರಿದರೆ ಅರ್ಧ ತುಂಬಿದ ಕೊಡದ ಗತಿ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ 22 ಮಂದಿಯನ್ನು ಬಲಿ ತೆಗೆದುಕೊಂಡಿತು. ತುಂಬಿ ತುಳುಕುವ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಿರಿ. ಲೈಫ್ ಜಾಕೆಟ್ ಕೇಳಲು ನಾಚಬೇಡಿ.

ಅಳಿಯ ಮೂರು ಚೀಲಗಳ ಬದಲು ಎರಡಕ್ಕೆ ಒಪ್ಪಿದ. ಮರುದಿನ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟೆವು. ಲಾಂಚಿನ ಮೇಲಂತಸ್ತಿಗೆ ಏರಲು ಎದ್ದವನನ್ನು ಅಕ್ಕ ಕೈಹಿಡಿದು ಕೂರಿಸಿದಳು.

"ಭಾರ ಕೆಳಗಿರಬೇಕು ಅಂತ ಮಾಮ ನಿನ್ನೆ ಹೇಳಿದ್ದು ಮರೆತೆಯಾ? ಕೂತ್ಕೋ!"