ಒಂದೇ ಲ್ಯಾಪ್‌ಟಾಪ್, ಎರಡು ಅಂಕಿತ

ಕೋಡ್ ಬರೆದವರು ಯಾರೆಂದು ಗಿಟ್ ಪರಿಶೀಲಿಸುವುದಿಲ್ಲ. ಒಮ್ಮೆ ಗ್ಲೋಬಲ್ ಸಂರಚನೆಯಲ್ಲಿ ಹೆಸರು, ಇಮೇಲ್ ನಮೂದಿಸಿಟ್ಟರೆ, ಆಮೇಲೆ ಆ ಕೀಲಿಮಣೆಯ ಮುಂದೆ ಯಾರೇ ಕುಳಿತರೂ ಪ್ರತಿ ಕಮಿಟ್‌ನ ಮೇಲೂ ಅದೇ ಹೆಸರು ಬೀಳುತ್ತದೆ. ಇದನ್ನು ತಾಂತ್ರಿಕ ಕಿರಿಕಿರಿಯೆಂದು ಬದಿಗಿಡುವವರೇ ಹೆಚ್ಚು. ನನಗಿದು ಶ್ರಮದ ಒಡೆತನದ ಪ್ರಶ್ನೆಯಾಗಿ ಕಾಣುತ್ತದೆ.

ವಾಲ್ನಟ್ ಕ್ರೀಕ್‌ನ ನಮ್ಮಂಥ ಮನೆಗಳನ್ನು ನೋಡಿ. ಗಂಡನದು ಎಚ್-1ಬಿ, ಹೆಂಡತಿಯದು ಎಚ್-4. 2015ರ ನಿಯಮ ಎಚ್-4ರವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ನೀಡಿತಾದರೂ, ಸಾಮಾನ್ಯವಾಗಿ ಸಂಗಾತಿಯ ಐ-140 ಅಂಗೀಕಾರವಾಗುವ ತನಕ ಕಾಯಲೇಬೇಕು. ಆ ವರ್ಷಗಳಲ್ಲಿ ಕೈ ತುಕ್ಕು ಹಿಡಿಯದಿರಲೆಂದು ಇಂಜಿನಿಯರಿಂಗ್ ಓದಿದ ಹೆಣ್ಣುಮಗಳು ಮುಕ್ತ ತಂತ್ರಾಂಶಕ್ಕೆ ಸಂಬಳವಿಲ್ಲದೆ ದುಡಿಯುತ್ತಾಳೆ: ಒಂದು ದೋಷ ಸರಿಪಡಿಸುತ್ತಾಳೆ, ಕನ್ನಡ ಅನುವಾದದ ನಾಲ್ಕು ಸಾಲು ಸೇರಿಸುತ್ತಾಳೆ. ಪರವಾನಗಿ ಬಂದ ದಿನ, 'ಈ ಐದು ವರ್ಷ ಏನು ಮಾಡಿದಿರಿ?' ಎಂಬ ಪ್ರಶ್ನೆಗೆ ಆಕೆಯ ಬಳಿಯಿರುವ ಉತ್ತರ ಆ ಕಮಿಟ್‌ಗಳು ಮಾತ್ರ. ಅವುಗಳ ಮೇಲೆ ಗಂಡನ ಹೆಸರಿದ್ದರೆ?

ಆಮೇಲೆ ತಿದ್ದುವುದು ಸುಲಭವಲ್ಲ. ಬರೆದವರ ಹೆಸರೂ ಕಮಿಟ್‌ನ ಹ್ಯಾಶ್‌ನೊಳಗೇ ಸೇರಿರುತ್ತದೆ. ಅದನ್ನು ಬದಲಿಸಿದರೆ ಅಲ್ಲಿಂದ ಮುಂದಿನ ಚರಿತ್ರೆಯೆಲ್ಲ ಬದಲಾಗುತ್ತದೆ. ಹತ್ತಾರು ಜನ ಪ್ರತಿ ಇಟ್ಟುಕೊಂಡಿರುವ ಯೋಜನೆಯಲ್ಲಿ ಇದಕ್ಕೆ ಯಾರೂ ಒಪ್ಪುವುದಿಲ್ಲ. ಚರಿತ್ರೆ ಮುಟ್ಟದೆ ಹೆಸರು ಸರಿಪಡಿಸಿ ತೋರಿಸುವ ಮೇಲ್‌ಮ್ಯಾಪ್ ಎಂಬ ಕಡತವಿದೆ. ಹೆಸರು ಬದಲಿಸಿಕೊಂಡವರಿಗೆ, ಜಾತಿಸೂಚಕ ಅಡ್ಡಹೆಸರು ಕಿತ್ತೊಗೆದವರಿಗೆ ಅದು ನಿಜಕ್ಕೂ ಉಪಕಾರಿ. ಆದರೆ ಒಂದೇ ಹೆಸರು, ಒಂದೇ ಇಮೇಲ್‌ನ ಅಡಿ ಬೆರೆತುಹೋದ ಇಬ್ಬರ ದುಡಿಮೆಯನ್ನು ಅದೂ ಬೇರ್ಪಡಿಸಲಾರದು.

'ಗಂಡ ಹೆಂಡತಿಯ ನಡುವೆ ಬೇರೆ ಬೇರೆ ಖಾತೆಯೇ?' ಎಂದು ನಗುವವರಿದ್ದಾರೆ. ಅವರು ಹನ್ನೆರಡನೆಯ ಶತಮಾನದ ಆಯ್ದಕ್ಕಿ ದಂಪತಿಗಳನ್ನು ನೆನೆಯಲಿ. ಚೆಲ್ಲಿದ ಅಕ್ಕಿ ಆಯುವುದು ಅವರ ಕಾಯಕ. ಇಬ್ಬರ ದೈವವೂ ಅಮರೇಶ್ವರಲಿಂಗವೇ. ಮಾರಯ್ಯನ ಅಂಕಿತ 'ಅಮರೇಶ್ವರಲಿಂಗ', ಲಕ್ಕಮ್ಮನದು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನ ಹೆಸರನ್ನು ಆಕೆ ಒಳಗಿಟ್ಟುಕೊಂಡಳು, ನಿಜ. ಆದರೆ ತನ್ನ ಮಾತನ್ನು ಆತನ ಅಂಕಿತದಡಿ ಇಡಲಿಲ್ಲ. ಹೆಚ್ಚು ಅಕ್ಕಿ ತಂದ ಗಂಡನನ್ನು ಗದರಿದವಳು ಲಕ್ಕಮ್ಮನೆಂದು ನಾವಿಂದು ಹೇಳಬಲ್ಲೆವಾದರೆ ಅದಕ್ಕೆ ಆ ಬೇರೆ ಅಂಕಿತವೂ ಒಂದು ಕಾರಣ.

ಪರಿಹಾರ ಅರ್ಧ ಗಂಟೆಯದು. ಲ್ಯಾಪ್‌ಟಾಪ್‌ನಲ್ಲಿ ಇಬ್ಬರಿಗೂ ಪ್ರತ್ಯೇಕ ಲಾಗಿನ್ ಇರುವುದು ಎಲ್ಲಕ್ಕಿಂತ ಮೇಲು. ಏಕೆಂದರೆ ಗಿಟ್‌ನಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಎಸ್‌ಎಸ್‌ಎಚ್ ಕೀಲಿಯಾಗಲಿ, ಉಳಿಸಿಟ್ಟ ಪಾಸ್‌ವರ್ಡ್ ಆಗಲಿ ಬದಲಾಗುವುದಿಲ್ಲ. ಕಮಿಟ್ ಆಕೆಯದಾದರೂ ಪುಶ್ ಆತನ ಖಾತೆಯಿಂದಲೇ ಹೋದೀತು. ಒಂದೇ ಲಾಗಿನ್ ಅನಿವಾರ್ಯವಾದರೆ ಗ್ಲೋಬಲ್ ಹೆಸರು, ಇಮೇಲ್‌ಗಳನ್ನು ಅಳಿಸಿ, 'ಯೂಸರ್.ಯೂಸ್‌ಕಾನ್ಫಿಗ್‌ಓನ್ಲಿ' ಆಯ್ಕೆಯನ್ನು ಚಾಲೂ ಮಾಡಿ. ಆಗ ಗಿಟ್ ತಾನಾಗಿ ಗುರುತು ಊಹಿಸುವುದಿಲ್ಲ. ಆ ರೆಪಾಸಿಟರಿಗೆ ಗುರುತು ಕೊಡುವ ತನಕ ಕಮಿಟ್ ಮಾಡಲು ನಿರಾಕರಿಸುತ್ತದೆ. ಇನ್ನು ಲ್ಯಾಪ್‌ಟಾಪ್ ಗಂಡನ ಕಂಪನಿಯದಾಗಿದ್ದರೆ ಆಕೆ ಅದನ್ನು ಮುಟ್ಟದಿರುವುದೇ ಲೇಸು. ಹಳೆಯದೊಂದು ಲ್ಯಾಪ್‌ಟಾಪ್ ಕೊಂಡರೂ ಈ ಕೆಲಸಕ್ಕೆ ಧಾರಾಳವಾಗಿ ಸಾಕು.