ಸಾರ್ವಜನಿಕ ಆರೋಗ್ಯ ಸಂಶೋಧನೆ: ಬಾಗಿಲು ತೆರೆದಿದೆ, ಏಣಿ ಇಲ್ಲ

ಪಿಎಚ್‌.ಡಿ ಇಲ್ಲದವರಿಗೆ ಸಂಶೋಧನೆಯಲ್ಲಿ ಸ್ಥಾನವಿಲ್ಲ ಎಂಬ ನಂಬಿಕೆ ನಮ್ಮ ವಿದ್ಯಾವಂತ ಯುವಜನರಲ್ಲಿ ಬಲವಾಗಿ ಬೇರೂರಿದೆ. ಸಾರ್ವಜನಿಕ ಆರೋಗ್ಯ ಕ್ಷೇತ್ರದ ಮಟ್ಟಿಗೆ ಇದು ನಿಜವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಗಳಲ್ಲಿ ‘ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್-1’ ಹುದ್ದೆಗೆ ವೈದ್ಯೇತರ ಅಭ್ಯರ್ಥಿಗಳಿಂದ ಕೇಳುವುದು ಪ್ರಥಮ ದರ್ಜೆಯ ಸ್ನಾತಕೋತ್ತರ ಪದವಿಯನ್ನಷ್ಟೆ. ಇತ್ತೀಚಿನ ವರ್ಷಗಳ ಪ್ರಕಟಣೆಗಳ ಪ್ರಕಾರ ಮಾಸಿಕ ಸಂಭಾವನೆ 56 ಸಾವಿರ ರೂಪಾಯಿ. ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ದ್ವಿತೀಯ ದರ್ಜೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಪಿಎಚ್‌.ಡಿ ಬೇಕು. ಅಂದರೆ ಇಲ್ಲಿ ಡಾಕ್ಟರೇಟ್ ಕಿರೀಟವಲ್ಲ, ಕಡಿಮೆಯಾದ ಅಂಕಗಳಿಗೆ ಪರಿಹಾರ!

ಈ ಕ್ಷೇತ್ರದ ಸ್ವರೂಪವೇ ಅಂಥದ್ದು. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಗರು ಅಜ್ಞಾನದಿಂದಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬ ಅಂದಿನ ತಿಳಿವಳಿಕೆಯನ್ನು ಅದು ತಲೆಕೆಳಗು ಮಾಡಿತು. ಕ್ಷಯಪೀಡಿತರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಹತ್ತಿರದ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧಿ ಹಿಡಿದು ವಾಪಸಾಗಿದ್ದರು. ದೋಷ ರೋಗಿಯದಾಗಿರಲಿಲ್ಲ, ವ್ಯವಸ್ಥೆಯದಾಗಿತ್ತು. ಇಂಥ ಸತ್ಯ ಹೊರಬರಲು ಮನೆಮನೆಗೆ ಹೋಗಿ ಸರಿಯಾದ ಪ್ರಶ್ನೆ ಕೇಳುವವರು, ಉತ್ತರವನ್ನು ತಿದ್ದದೆ ಬರೆದುಕೊಳ್ಳುವವರು ಬೇಕು. ಅದಕ್ಕೆ ತರಬೇತಿ ಬೇಕು ನಿಜ, ಪ್ರೌಢ ಪ್ರಬಂಧ ಬೇಕಾಗಿಲ್ಲ.

ತರಬೇತಿಗೆ ಈಗ ಕೊರತೆಯೂ ಇಲ್ಲ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಲ್ಲೇ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಆರಂಭಿಸಿತು. ನಮ್ಮಲ್ಲಿ ನಿಮ್ಹಾನ್ಸ್, ಮಣಿಪಾಲ, ಮೈಸೂರಿನ ಜೆಎಸ್‌ಎಸ್ ಮುಂತಾದೆಡೆ ಈ ವ್ಯಾಸಂಗವಿದೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ಪ್ರಾಥಮಿಕ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಆರೋಗ್ಯ ಸಮೀಕ್ಷೆಗಳ ಮೂಲ ದತ್ತಾಂಶವನ್ನು ನೋಂದಾಯಿಸಿಕೊಂಡ ಯಾರು ಬೇಕಾದರೂ ಪಡೆಯಬಹುದು. ಅದನ್ನು ವಿಶ್ಲೇಷಿಸುವ ‘ಆರ್’ ತಂತ್ರಾಂಶಕ್ಕೂ ಹಣ ತೆರಬೇಕಿಲ್ಲ.

ತೊಡಕು ಇರುವುದು ಒಳಬಂದ ನಂತರ. ಈ ಹುದ್ದೆಗಳೆಲ್ಲ ಗುತ್ತಿಗೆಯವು. ಯೋಜನೆ ಮುಗಿದ ದಿನ ಸಂಬಳವೂ ಮುಗಿಯುತ್ತದೆ. ಅಮೆರಿಕ 2025ರಲ್ಲಿ ಯುಎಸ್‌ಏಡ್ ನೆರವನ್ನು ನಿಲ್ಲಿಸಿದಾಗ, ಅದನ್ನೇ ನೆಚ್ಚಿದ್ದ ಆರೋಗ್ಯ ಯೋಜನೆಗಳ ಸಿಬ್ಬಂದಿಗೆ ಇದರ ಅರ್ಥ ಚೆನ್ನಾಗಿಯೇ ಮನವರಿಕೆಯಾಯಿತು. ಕಾಯಂ ನೌಕರಿ ಇಲ್ಲದವರು ಮುಖ್ಯ ಸಂಶೋಧಕರಾಗಿ ಸರ್ಕಾರಿ ಅನುದಾನ ಕೇಳುವುದು ಬಹುತೇಕ ಅಸಾಧ್ಯ. ವಿಶ್ವವಿದ್ಯಾಲಯದತ್ತ ತಿರುಗಿದರೆ, ಸಹಾಯಕ ಪ್ರಾಧ್ಯಾಪಕರಾಗಲು ನೆಟ್ ಅಥವಾ ಸ್ಲೆಟ್ ಸಾಕು ಎಂದು ಯುಜಿಸಿ 2023ರ ಜುಲೈನಲ್ಲಿ ನಿಯಮ ಸಡಿಲಿಸಿತೇನೋ ಸರಿ. ಸಹ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ಮಾತ್ರ ಅದೇ ಪಿಎಚ್‌.ಡಿ ಅಡ್ಡ ಬರುತ್ತದೆ.

ಆದ್ದರಿಂದ ಮೊದಲ ಕೆಲಸ ಒಪ್ಪಿಕೊಳ್ಳುವ ಮುನ್ನ ಸಂಬಳಕ್ಕಿಂತ ಮುಖ್ಯವಾದ ಪ್ರಶ್ನೆಯೊಂದನ್ನು ಕೇಳಬೇಕು: ದತ್ತಾಂಶ ಸಂಗ್ರಹದ ಆಚೆಗೆ ವಿಶ್ಲೇಷಣೆ, ಬರವಣಿಗೆಯಲ್ಲಿ ತನಗೆ ಪಾಲಿದೆಯೇ? ವೈದ್ಯಕೀಯ ಪತ್ರಿಕೆಗಳು ಅನುಸರಿಸುವ ಅಂತರರಾಷ್ಟ್ರೀಯ ನಿಯಮದಂತೆ, ಮಾಹಿತಿ ಕಲೆಹಾಕಿದ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ; ಬರವಣಿಗೆಯಲ್ಲಿ ಅಥವಾ ಅದರ ಪರಿಷ್ಕರಣೆಯಲ್ಲಿ ಭಾಗವಹಿಸಿರಬೇಕು. ಎರಡು ವರ್ಷ ಹಳ್ಳಿ ಸುತ್ತಿಯೂ ‘ಕೃತಜ್ಞತೆಗಳು’ ಎಂಬ ಸಾಲಿನಲ್ಲಿ ಕೊನೆಗೊಂಡವನಿಗೆ ಮುಂದಿನ ಸಂದರ್ಶನದಲ್ಲಿ ತೋರಿಸಲು ಏನೂ ಉಳಿದಿರುವುದಿಲ್ಲ.

ದುಡಿಯುತ್ತಲೇ ಪಿಎಚ್‌.ಡಿ ಮಾಡಬಹುದಲ್ಲ ಎಂಬ ಸಲಹೆ ಸಹಜ. ಯುಜಿಸಿಯ 2022ರ ನಿಯಮಗಳು ಅರೆಕಾಲಿಕ ಪಿಎಚ್‌.ಡಿಗೆ ಅವಕಾಶ ಕೊಟ್ಟಿವೆ. ಆದರೆ ಉದ್ಯೋಗದಾತ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಕನಿಷ್ಠ ಅವಧಿ ಮೂರು ವರ್ಷ. ಹನ್ನೊಂದು ತಿಂಗಳ ಗುತ್ತಿಗೆಯಲ್ಲಿರುವವನಿಗೆ ಮೂರು ವರ್ಷದ ಪತ್ರವನ್ನು ಯಾವ ಅಧಿಕಾರಿ ಬರೆದುಕೊಟ್ಟಾನು? ಅನುದಾನದ ಷರತ್ತಿನಲ್ಲೇ ಈ ಅನುಮತಿಯನ್ನು ಸೇರಿಸಲು ಸರ್ಕಾರಕ್ಕೆ ಹೊಸ ಹುದ್ದೆಯನ್ನಾಗಲೀ ಹೊಸ ಕಟ್ಟಡವನ್ನಾಗಲೀ ಮಂಜೂರು ಮಾಡಬೇಕಾದ ಅಗತ್ಯವಿಲ್ಲ.